ಎಲೆಮರೆಯ ಕಾಯಿ

ಕಳೆದ ಯುಗಾದಿಗೆ ನನ್ನ ತಮ್ಮನ ಮಗಳು ಬೆಂಗಳೂರಿನಿಂದ ಮನೆಗೆ ಬಂದಿದ್ದಳು. ಅಲ್ಲಿಯ ದೊಡ್ಡ ಕಂಪನಿಯೊಂದರಲ್ಲಿ ಆಕೆಗೆ ಆರೇಳು ವರ್ಷಗಳಿಂದ ಕೆಲಸ. ಹಬ್ಬದ ಊಟ ಮುಗಿದು ನಾವೆಲ್ಲ ಜಗುಲಿಯ ಮೇಲೆ ಎಲೆಯಡಿಕೆ ಹಾಕಿಕೊಳ್ಳುತ್ತ ಕುಳಿತಿದ್ದೆವು. ಹುಡುಗಿಯ ಮುಖ ಮಾತ್ರ, ಬೇವುಬೆಲ್ಲದಲ್ಲಿ ಬರಿಯ ಬೇವೇ ಬಾಯಿಗೆ ಸಿಕ್ಕವಳಂತೆ ಇತ್ತು. ‘ಏನಮ್ಮ, ಕೆಲಸ ಹೇಗಿದೆ?’ ಎಂದು ಕೇಳಿದೆ.

‘ಕೆಲಸ ಚೆನ್ನಾಗಿಯೇ ಇದೆ, ದೊಡ್ಡಪ್ಪ. ಕೆಲಸದಲ್ಲಿ ಕುಂದಿಲ್ಲ ಅಂತ ಅವರೇ ಬರೆದಿದ್ದಾರೆ. ಆದರೆ ನನಗೆ ವಿಸಿಬಿಲಿಟಿ ಸಾಲದಂತೆ. ಅದಕ್ಕೇ ಈ ಸಲವೂ ಪ್ರಮೋಷನ್ ಇಲ್ಲ.’

‘ಹಾಗೆಂದರೇನು?’

‘ಕಾಣಿಸಿಕೊಳ್ಳಬೇಕು ಅಂತ. ಮೀಟಿಂಗಿನಲ್ಲಿ ಮಾತಾಡಬೇಕು. ಇನ್ನೊಬ್ಬರು ಹೇಳಿದ್ದನ್ನೇ ಮತ್ತೊಂದು ಸಲ ಹೇಳಿದರೂ ಆದೀತು, ಬಾಯಿ ತೆರೆದಿರಬೇಕು. ನಾನು ಮಾಡಿಟ್ಟು ಸುಮ್ಮನಿರುತ್ತೀನಲ್ಲ, ಅದು ತಪ್ಪಂತೆ.’

‘ನಾಲ್ಕು ಮಾತಾಡಿದರೆ ನಿನ್ನ ಗಂಟೇನು ಹೋಗುತ್ತೆ?’ ಎಂದಳು ಆಕೆಯ ತಾಯಿ. ಎಲ್ಲರೂ ನಕ್ಕರು. ಹೆಣ್ಣುಮಗು ಮೆತ್ತಗೆ ಮಾತಾಡಬೇಕೆಂದು ಅದೇ ಜಗುಲಿಯ ಮೇಲೆ ಇಪ್ಪತ್ತು ವರ್ಷ ಕಾಲ ಆಕೆಗೆ ಹೇಳಿದವರು ನಾವೇ ಎಂಬುದು ಯಾರಿಗೂ ನೆನಪಾಗಲಿಲ್ಲ. ನನಗೆ ಮಾತ್ರ ನಗು ಬರಲಿಲ್ಲ. ಆ ಕಂಪನಿಯವರು ಬರೆದ ವಾಕ್ಯವನ್ನು, ಬೇರೆ ಶಬ್ದಗಳಲ್ಲಿ, ಸುಮಾರು ಮೂವತ್ತೈದು ವರ್ಷಗಳ ಹಿಂದೆ ನಾನೇ ಕೈಯಾರ ಇನ್ನೊಬ್ಬರ ಬಗೆಗೆ ಬರೆದಿದ್ದೆ. ಆ ಸಂಗತಿಗೆ ಮುಂದೆ ಬರುತ್ತೇನೆ.

ಮಾತು ಮೌನಗಳ ವಿಷಯದಲ್ಲಿ ನಮ್ಮ ಜನ ಎಂದೂ ಒಂದೇ ಮನಸ್ಸಿನವರಾಗಿರಲಿಲ್ಲ. ‘ಮಾತು ಬೆಳ್ಳಿ, ಮೌನ ಬಂಗಾರ’ ಎಂದವರೇ ‘ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ’ ಎಂದೂ ಹೇಳಿದ್ದಾರೆ. ಗಾದೆಗಳು ಹೀಗೆ ಇಬ್ಬಗೆಯಾಗಿರುವುದು ಸಹಜವೇ. ಬದುಕೂ ಹಾಗೆಯೇ ಅಲ್ಲವೆ? ಆದರೆ ನಮ್ಮ ವಿದ್ಯಾಭ್ಯಾಸ ಮಾತ್ರ ಒಂದೇ ಪಕ್ಷವನ್ನು ಹಿಡಿದುಕೊಂಡು ಬಂದಿದೆ. ತನ್ನನ್ನು ತಾನೇ ಹೊಗಳಿಕೊಳ್ಳಬಾರದೆಂದು ಬುದ್ಧಿ ಹೇಳುವ ಬಸವಣ್ಣನವರ ವಚನವನ್ನು ಕನ್ನಡ ಶಾಲೆಯ ಮಕ್ಕಳು ಬಾಯಿಪಾಠ ಮಾಡುತ್ತಾರೆ. ನಾನೂ ಮಾಡಿದೆ, ಮುಂದೆ ಮಾಡಿಸಿದೆ. ಆ ಪಾಠವನ್ನು ನಂಬಿ ಬೆಳೆದ ಹುಡುಗ ಹುಡುಗಿಯರು ಕಚೇರಿಯ ಮೆಟ್ಟಿಲು ಹತ್ತಿದ ವರ್ಷವೇ ಅವರ ಕೈಗೆ ಒಂದು ನಮೂನೆ ಬರುತ್ತದೆ. ಸ್ವಮೌಲ್ಯಮಾಪನವೆಂದು ಅದರ ಹೆಸರು. ಈ ವರ್ಷ ನೀವು ಸಾಧಿಸಿದ್ದೇನು, ನಿಮ್ಮ ಹಿರಿಮೆ ಎಂಥದು, ವಿವರಿಸಿ ಎಂದು ಅದು ಕೇಳುತ್ತದೆ. ಬಾಲ್ಯದಲ್ಲಿ ದೋಷವೆಂದು ಕಲಿಸಿದ್ದನ್ನೇ ಯೌವನದಲ್ಲಿ ಅರ್ಹತೆಯೆಂದು ಕೇಳಿದರೆ ಆಗುವುದೇನು? ಪಾಠವನ್ನು ಬೇಗ ಮರೆತವರು ಮುಂದೆ ಹೋಗುತ್ತಾರೆ. ಶ್ರದ್ಧೆಯಿಂದ ಕಲಿತವರು ಹಿಂದೆ ನಿಲ್ಲುತ್ತಾರೆ.

ಅಂತರ್ಮುಖಿ, ಬಹಿರ್ಮುಖಿ ಎಂಬ ಮಾತುಗಳು ಈಗ ಎಲ್ಲರ ಬಾಯಲ್ಲೂ ಇವೆ. ಮನುಷ್ಯ ಸ್ವಭಾವದ ಈ ವಿಂಗಡಣೆಯನ್ನು ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಕಾರ್ಲ್ ಯೂಂಗ್ ತನ್ನ 1921ರ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದನು. ಒಬ್ಬನ ಚೇತನ ಹೊರಗಿನ ವಸ್ತುಗಳ ಕಡೆಗೆ, ಜನರ ಕಡೆಗೆ ಸಹಜವಾಗಿ ಹರಿಯುತ್ತದೆ. ಇನ್ನೊಬ್ಬನದು ಒಳಗಿನ ಕಡೆಗೆ. ಇದರಲ್ಲಿ ರೋಗವೂ ಇಲ್ಲ, ಮೇಲು ಕೀಳೂ ಇಲ್ಲ. ನಾಚಿಕೆ ಬೇರೆ, ಅಂತರ್ಮುಖತೆ ಬೇರೆ ಎಂಬುದನ್ನೂ ನೆನಪಿಡಬೇಕು. ನಾಚಿಕೆಯವನಿಗೆ ಮಾತನಾಡುವ ಆಸೆಯುಂಟು, ಅಂಜಿಕೆ ಅಡ್ಡ ಬರುತ್ತದೆ. ಅಂತರ್ಮುಖಿಗೆ ಅಂಜಿಕೆ ಇಲ್ಲದಿರಬಹುದು. ಮಾತು ಮೊದಲು ಒಳಗೆ ಹಣ್ಣಾಗಬೇಕು, ಅಷ್ಟೆ. ಸಭೆಯಲ್ಲಿ ಪ್ರಶ್ನೆ ಬಿದ್ದ ಗಳಿಗೆಯಲ್ಲಿ ಬಹಿರ್ಮುಖಿ ಮಾತನಾಡುತ್ತಲೇ ಯೋಚಿಸುತ್ತಾನೆ. ಅಂತರ್ಮುಖಿ ಯೋಚಿಸಿ ಮುಗಿಸುವ ಹೊತ್ತಿಗೆ ಸಭೆ ಮುಂದಿನ ವಿಷಯಕ್ಕೆ ಹೋಗಿರುತ್ತದೆ, ಕಾಫಿಯೂ ಬಂದಿರುತ್ತದೆ. ಮನೆಗೆ ಹೋಗಿ ಕಾಲು ತೊಳೆಯುವಾಗ ಅವನ ಉತ್ತರ ಸಿದ್ಧವಾಗುತ್ತದೆ. ಅದು ಸಭೆಯಲ್ಲಿ ಕೇಳಿದ ಎಲ್ಲ ಉತ್ತರಗಳಿಗಿಂತ ಮೇಲಾದುದಾದರೂ ನಡವಳಿ ಪುಸ್ತಕದಲ್ಲಿ ಅದಕ್ಕೆ ಸ್ಥಳವಿಲ್ಲ.

ಈಗ ನನ್ನ ಸಂಗತಿ. ನಾನು ಕಾಲೇಜೊಂದರಲ್ಲಿ ಕನ್ನಡ ವಿಭಾಗದ ಮುಖ್ಯಸ್ಥನಾಗಿದ್ದ ಕಾಲ. ನನ್ನ ವಿಭಾಗದ ಅಧ್ಯಾಪಕರ ಬಗೆಗೆ ವರ್ಷಕ್ಕೊಮ್ಮೆ ಗೋಪ್ಯ ವರದಿ ಬರೆದು ಪ್ರಿನ್ಸಿಪಾಲರಿಗೆ ಒಪ್ಪಿಸುವುದು ನನ್ನ ಕರ್ತವ್ಯಗಳಲ್ಲೊಂದು. ವಿಭಾಗದಲ್ಲಿ ನಾವು ಐವರು. ಅವರಲ್ಲೊಬ್ಬರು ಬಹು ಮಿತಭಾಷಿ. ಅಧ್ಯಾಪಕರ ಕೊಠಡಿಯಲ್ಲಿ ಕಿಟಕಿಯ ಪಕ್ಕದ ಕುರ್ಚಿ ಅವರದು. ಸಭೆಗಳಲ್ಲಿ ಅವರು ತಾವಾಗಿ ಬಾಯಿ ತೆರೆದುದನ್ನು ನಾನು ಕಾಣೆ. ಕೇಳಿದರೆ ‘ಆಗಬಹುದು’ ಎನ್ನುವರು. ಇಲ್ಲವೆ ‘ನೋಡೋಣ ಸಾರ್’ ಎನ್ನುವರು. ಇನ್ನೊಬ್ಬರು ಮಾತುಗಾರರು. ಪ್ರತಿಯೊಂದು ಸಭೆಯಲ್ಲಿಯೂ ಅವರದೊಂದು ಹೊಸ ಯೋಜನೆ ಇರುತ್ತಿತ್ತು. ಅವರೂ ಒಳ್ಳೆಯವರೇ, ಕೆಲಸಗಳ್ಳರಲ್ಲ. ಅವರಿಗೆ ನಾನು ಅನ್ಯಾಯ ಮಾಡಬಾರದು. ವರದಿಯ ನಮೂನೆಯಲ್ಲಿ ‘ಸ್ವಪ್ರೇರಣೆ ಮತ್ತು ಮುಂದಾಳುತನ’ ಎಂದು ಒಂದು ಅಂಕಣವಿತ್ತು. ಮೂರು ವರ್ಷ ಒಂದೇ ಸಮನೆ ಆ ಅಂಕಣದಲ್ಲಿ ಮಾತುಗಾರರಿಗೆ ‘ಅತ್ಯುತ್ತಮ’ ಎಂದೂ, ಇವರಿಗೆ ‘ಸಾಧಾರಣ, ಮುಂದೆ ಬಂದು ಕೆಲಸ ವಹಿಸಿಕೊಳ್ಳುವ ಸ್ವಭಾವ ಸಾಲದು’ ಎಂದೂ ಬರೆದೆ. ಬರೆಯುವಾಗ ನನ್ನಲ್ಲಿ ದ್ವೇಷವಿರಲಿಲ್ಲ. ಕಂಡದ್ದನ್ನು ಬರೆದೆನೆಂದೇ ನನ್ನ ನಂಬಿಕೆ.

ನಾಲ್ಕನೆಯ ವರ್ಷ ಅವರು ಕಣ್ಣಿನ ಶಸ್ತ್ರಚಿಕಿತ್ಸೆಗೆಂದು ಎರಡು ತಿಂಗಳು ರಜೆ ಹಾಕಿದರು. ಮೊದಲ ವಾರದಲ್ಲಿಯೇ ವಿಭಾಗದ ಕೀಲುಗಳೆಲ್ಲ ಕಿರುಗುಟ್ಟತೊಡಗಿದವು. ವೇಳಾಪಟ್ಟಿಯನ್ನು ಸ್ವಲ್ಪ ಬದಲಾಯಿಸಬೇಕಾಗಿ ಬಂದಾಗ ಒಂದೇ ಗಂಟೆಗೆ ಎರಡು ತರಗತಿಗಳು ಒಂದೇ ಕೊಠಡಿಯ ಬಾಗಿಲಿಗೆ ಬಂದು ನಿಂತವು. ಕಿರುಪರೀಕ್ಷೆಯ ಅಂಕಗಳ ಪಟ್ಟಿ ಏಕೆ ಬಂದಿಲ್ಲವೆಂದು ಕಚೇರಿಯಿಂದ ಚೀಟಿ ಬಂದಿತು. ಅದನ್ನು ಈವರೆಗೆ ಯಾರು ಕಳಿಸುತ್ತಿದ್ದರೆಂದೇ ನನಗೆ ಗೊತ್ತಿರಲಿಲ್ಲ. ಶನಿವಾರ ಮಧ್ಯಾಹ್ನ ನಾನು ಮನೆಗೆ ಹೊರಟಾಗ ಬೀಗ ಹಾಕಿದ ಕೊಠಡಿಯೊಂದರ ಮುಂದೆ ಹನ್ನೆರಡು ಹದಿಮೂರು ಮಂದಿ ಹಳ್ಳಿಯ ಹುಡುಗರು ನಿಂತಿದ್ದರು.

‘ಏಕ್ರಪ್ಪ ನಿಂತಿದ್ದೀರಿ?’

‘ಮೇಷ್ಟ್ರು ಶನಿವಾರ ಶನಿವಾರ ಹಳಗನ್ನಡ ಪಾಠ ಹೇಳಿಕೊಡುತ್ತಿದ್ದರು ಸಾರ್. ಇವತ್ತಿನಿಂದ ಯಾರು ಹೇಳುತ್ತಾರೋ ಕೇಳೋಣ ಅಂತ. ನಮಗಿಂತ ಮುಂಚಿನವರಿಗೂ ಹೇಳುತ್ತಿದ್ದರಂತೆ.’

ಆ ಪಾಠಕ್ಕೆ ಯಾರ ಆಜ್ಞೆಯೂ ಇರಲಿಲ್ಲ, ಸಂಭಾವನೆಯೂ ಇರಲಿಲ್ಲ. ಯಾರೂ ಹೇಳದ ಕೆಲಸವನ್ನು ತಾನಾಗಿ ಹೊತ್ತು ವರ್ಷಗಟ್ಟಲೆ ನಡೆಸಿದ ಮನುಷ್ಯನಿಗೆ ಸ್ವಪ್ರೇರಣೆ ಸಾಲದೆಂದು ನಾನು ಬರೆದಿದ್ದೆ! ಆ ಕೊಠಡಿ ನನ್ನ ಕೋಣೆಯಿಂದ ಮೂವತ್ತು ಹೆಜ್ಜೆ ದೂರದಲ್ಲಿತ್ತು. ನಾಲ್ಕು ವರ್ಷದಲ್ಲಿ ಒಂದು ಶನಿವಾರವೂ ನಾನು ಆ ಮೂವತ್ತು ಹೆಜ್ಜೆ ಇಟ್ಟಿರಲಿಲ್ಲ. ಆ ವರ್ಷದ ವರದಿಯನ್ನು ಬೇರೆ ರೀತಿ ಬರೆದೆ. ಆದರೆ ಹಿಂದಿನ ಮೂರು ವರ್ಷಗಳ ಹಾಳೆಗಳು ಕಡತದಲ್ಲಿ ಗಟ್ಟಿಯಾಗಿ ಕುಳಿತಿದ್ದವು. ಬಡ್ತಿಯ ಕಾಲ ಬಂದಾಗ ಅವು ಮಾತನಾಡಿದವು. ಅವರು ಸೇರಿದ ದರ್ಜೆಯಿಂದ ಹೆಚ್ಚು ಮೇಲೇರದೆ ನಿವೃತ್ತರಾದರು.

ಬಹಳ ವರ್ಷಗಳ ಮೇಲೆ ಅವರ ಮನೆಗೆ ಹೋಗಿ ಈ ಮಾತನ್ನೆಲ್ಲ ಹೇಳಿಕೊಂಡೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ತಾವು ಕೇಳಲಿಲ್ಲ, ನಾನು ಹೇಳಲಿಲ್ಲ. ಅರ್ಧ ತಪ್ಪು ನನ್ನದೂ ಹೌದಲ್ಲವೆ ಸಾರ್?’ ಎಂದರು. ಅವರೊಡನೆ ನಾನಾಡಿದ ಅತಿ ದೀರ್ಘವಾದ ಸಂಭಾಷಣೆ ಅದು. ಆ ಅರ್ಧದ ಲೆಕ್ಕವನ್ನು ನಾನು ಇನ್ನೂ ಮಾಡುತ್ತಿದ್ದೇನೆ.

ಗೋಪ್ಯ ವರದಿಯ ಗೋಪ್ಯತೆ ಈಗ ಮೊದಲಿನಂತಿಲ್ಲ. ಗಡಿ ರಸ್ತೆಗಳ ಇಲಾಖೆಯ ಇಂಜಿನಿಯರೊಬ್ಬರಿಗೆ ಒಂದು ವರ್ಷದ ವರದಿಯಲ್ಲಿ ‘ಉತ್ತಮ’ ಎಂದು ಬರೆದಿದ್ದರು. ಬಡ್ತಿಗೆ ಬೇಕಾಗಿದ್ದುದು ‘ಅತ್ಯುತ್ತಮ’ಕ್ಕೆ ಸಮೀಪದ ‘ಬಹು ಉತ್ತಮ’. ‘ಉತ್ತಮ’ವೆಂಬ ಹೊಗಳಿಕೆಯೇ ಅವರ ಕಾಲಿಗೆ ತೊಡಕಾಯಿತು, ಹಾಗೆ ಬರೆದಿರುವುದೂ ಅವರಿಗೆ ತಿಳಿದಿರಲಿಲ್ಲ. 2008ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮೊಕದ್ದಮೆಯಲ್ಲಿ, ವರದಿಯಲ್ಲಿ ಬರೆದ ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕೆಂದು ತೀರ್ಪು ಕೊಟ್ಟಿತು. ಇದು ನ್ಯಾಯವಾದ ತೀರ್ಪು. ಆದರೆ ನ್ಯಾಯಾಲಯ ತೆರೆಯಬಲ್ಲುದು ಲಕೋಟೆಯನ್ನು. ಬರೆಯುವವನ ಕಣ್ಣನ್ನು ತೆರೆಯುವುದು ಅದರ ಕೈಯಲ್ಲಿಲ್ಲ. ಅಂದು ನನ್ನ ಸ್ನೇಹಿತರಿಗೆ ನನ್ನ ಷರಾ ತಿಳಿದಿದ್ದರೂ ಅವರು ಅದನ್ನು ಓದಿ, ಮಡಿಸಿಟ್ಟು, ಕಿಟಕಿಯ ಪಕ್ಕ ಕುಳಿತುಕೊಳ್ಳುತ್ತಿದ್ದರೆಂದೇ ನನ್ನ ಊಹೆ.

ಕಣ್ಣಿನ ಬದಲು ಅಂಕಗಣಿತವನ್ನು ನಂಬುವ ಪ್ರಯತ್ನವೂ ನಡೆಯಿತು. 2010ರಲ್ಲಿ ವಿಶ್ವವಿದ್ಯಾನಿಲಯಗಳ ಅನುದಾನ ಆಯೋಗ ಅಧ್ಯಾಪಕರ ಬಡ್ತಿಗೆ ಅಂಕಗಳ ಪದ್ಧತಿಯೊಂದನ್ನು ತಂದಿತು. ವಿಚಾರಸಂಕಿರಣದಲ್ಲಿ ಪ್ರಬಂಧ ಓದಿದರೆ ಇಷ್ಟು, ಅಚ್ಚು ಮಾಡಿಸಿದರೆ ಇಷ್ಟು ಎಂದು ಲೆಕ್ಕ. ಮುಖ್ಯಸ್ಥನ ಮನಸ್ಸಿಗಿಂತ ಅಂಕವೇ ಮೇಲೆಂಬ ಸದುದ್ದೇಶ ಅದರಲ್ಲಿದ್ದಿರಬೇಕು. 2018ರ ನಿಯಮಗಳಲ್ಲಿ ಅದು ಬದಲಾಯಿತು. ಅಷ್ಟರಲ್ಲಿ ಅಂಕಕ್ಕಾಗಿಯೇ ಹುಟ್ಟಿದ ಸಂಕಿರಣಗಳನ್ನೂ, ಅಂಕಕ್ಕಾಗಿಯೇ ಬರೆದ ಪ್ರಬಂಧಗಳನ್ನೂ ನಾವು ಸಾಕಷ್ಟು ಕಂಡಿದ್ದೆವು. ಶನಿವಾರ ಮಧ್ಯಾಹ್ನದ ಪಾಠದಂಥದು ಯಾವ ಅಂಕಣಕ್ಕೂ ಸುಲಭವಾಗಿ ಸಿಕ್ಕುವುದಲ್ಲ.

ಕೆಲವು ಕೆಲಸಗಳ ಲಕ್ಷಣವೇ ಹಾಗೆ: ಚೆನ್ನಾಗಿ ಮಾಡಿದಷ್ಟೂ ಅವು ಕಾಣುವುದಿಲ್ಲ. ಈ ಪುಟದ ಕರಡು ತಿದ್ದಿದವರನ್ನು ಓದುಗರು ನೆನೆಯುವುದು ಅಚ್ಚಿನ ತಪ್ಪು ಕಂಡಾಗ ಮಾತ್ರ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು ನಮ್ಮ ಮುಂದಿದೆ. ಕಾವ್ಯಗಳಿಂದಲೂ ಶಾಸನಗಳಿಂದಲೂ ಒಂದೊಂದೇ ಶಬ್ದವನ್ನೂ ಅದರ ಪ್ರಯೋಗವನ್ನೂ ಆರಿಸಿ ಚೀಟಿಗಿಳಿಸುವ ದುಡಿಮೆ ಹಲವು ದಶಕ ನಡೆಯದಿದ್ದರೆ ಅದು ಹೊರಬರುತ್ತಿರಲಿಲ್ಲ. ಆ ಚೀಟಿಗಳನ್ನು ಬರೆದ ಕೈಗಳು ಸಭೆಯಲ್ಲಿ ಎಷ್ಟು ಸಲ ಮೇಲೆದ್ದವೆಂದು ಯಾರೂ ಕೇಳುವುದಿಲ್ಲ. ವೇಳಾಪಟ್ಟಿಯೂ ಅಷ್ಟೆ, ಲೆಕ್ಕಪತ್ರವೂ ಅಷ್ಟೆ. ನನ್ನ ತಮ್ಮನ ಮಗಳ ಕೆಲಸವೂ ಇದೇ ಜಾತಿಯದೆಂದು ತಿಳಿಯಿತು: ಇತರರು ಬರೆದ ಯಂತ್ರದ ಲಿಪಿಯಲ್ಲಿ ದೋಷವನ್ನು ಮೊದಲೇ ಹುಡುಕಿ ತೆಗೆಯುವುದು. ಆಗದ ಅನಾಹುತಕ್ಕೆ ಸಾಕ್ಷಿ ಎಲ್ಲಿಂದ ತರುವುದು?

ಮೌನಿಗಳನ್ನು ಸಮಾಜ ನಡೆಸಿಕೊಂಡ ಬಗೆಗೆ ವಿಜ್ಞಾನದ ಚರಿತ್ರೆಯಿಂದ ಎರಡು ನಿದರ್ಶನಗಳನ್ನು ಕೊಡಬಹುದು. ಇಂಗ್ಲೆಂಡಿನ ಹೆನ್ರಿ ಕ್ಯಾವೆಂಡಿಶ್ ಜಲಜನಕದ ಗುಣಗಳನ್ನು 1766ರಲ್ಲಿ ಪ್ರಕಟಿಸಿದವನು. ಭೂಮಿಯ ಸಾಂದ್ರತೆಯನ್ನು 1798ರಲ್ಲಿ ಅಳೆದವನು. ಜನರನ್ನು ಕಂಡರೆ ಅವನಿಗೆ ಎಷ್ಟು ಸಂಕೋಚವೆಂದರೆ, ಊಟಕ್ಕೇನು ಬೇಕೆಂಬುದನ್ನೂ ಮನೆಯ ಆಳಿಗೆ ಚೀಟಿ ಬರೆದಿಟ್ಟು ತಿಳಿಸುತ್ತಿದ್ದನಂತೆ. ವಿದ್ಯುತ್ತಿನ ವಿಷಯದಲ್ಲಿ ಅವನು ಮಾಡಿದ ಪ್ರಯೋಗಗಳಲ್ಲಿ ಹೆಚ್ಚಿನವು ಅವನ ಪೆಟ್ಟಿಗೆಯಲ್ಲಿಯೇ ಉಳಿದವು. 1810ರಲ್ಲಿ ಅವನು ಸತ್ತ ಎಷ್ಟೋ ವರ್ಷಗಳ ಮೇಲೆ, 1879ರಲ್ಲಿ, ಮ್ಯಾಕ್ಸ್‌ವೆಲ್ ಆ ಕಾಗದಗಳನ್ನು ಪರಿಷ್ಕರಿಸಿ ಪ್ರಕಟಿಸಿದನು. ಓಮ್ 1827ರಲ್ಲಿ ಪ್ರಕಟಿಸಿದ ನಿಯಮವನ್ನು ಕ್ಯಾವೆಂಡಿಶ್ ಅದಕ್ಕೂ ನಾಲ್ಕೈದು ದಶಕಗಳ ಹಿಂದೆಯೇ ಕಂಡುಕೊಂಡಿದ್ದನೆಂದು ಆಗ ಲೋಕಕ್ಕೆ ತಿಳಿಯಿತು. ಕ್ಯಾವೆಂಡಿಶ್ ಡ್ಯೂಕರ ಮೊಮ್ಮಗ, ಆಗರ್ಭ ಶ್ರೀಮಂತ. ಮೌನದಿಂದ ಅವನಿಗೇನೂ ನಷ್ಟವಾಗಲಿಲ್ಲ. ನಷ್ಟವಾದುದು ವಿಜ್ಞಾನಕ್ಕೆ.

ಇನ್ನೊಬ್ಬ ಪಾಲ್ ಡಿರಾಕ್. ಅವನ ಮಿತಭಾಷಿತ್ವ ಎಂಥದೆಂದರೆ, ಕೇಂಬ್ರಿಜ್ಜಿನ ಸಹೋದ್ಯೋಗಿಗಳು ಗಂಟೆಗೊಂದು ಮಾತಿನ ಪ್ರಮಾಣಕ್ಕೆ ತಮಾಷೆಯಾಗಿ ಅವನ ಹೆಸರನ್ನೇ ಇಟ್ಟಿದ್ದರು. ಆದರೂ ನ್ಯೂಟನ್ ಕುಳಿತಿದ್ದ ಪೀಠ 1932ರಲ್ಲಿ ಅವನಿಗೆ ದೊರೆಯಿತು, ಮರುವರ್ಷ ನೊಬೆಲ್ ಬಹುಮಾನವೂ ಬಂದಿತು. ಪ್ರಚಾರಕ್ಕೆ ಹೆದರಿ ಬಹುಮಾನವನ್ನೇ ಬೇಡವೆನ್ನಲು ಅವನು ಯೋಚಿಸಿದಾಗ, ಬೇಡವೆಂದರೆ ಪ್ರಚಾರ ಇನ್ನೂ ಹೆಚ್ಚಾದೀತೆಂದು ರದರ್‌ಫರ್ಡ್ ಎಚ್ಚರಿಸಿದನಂತೆ. ಡಿರಾಕ್ ಕ್ಯಾವೆಂಡಿಶ್‌ಗಿಂತ ಹೆಚ್ಚು ಮಾತನಾಡಲಿಲ್ಲ. ಆದರೆ ಬರೆದು ಪ್ರಕಟಿಸಿದ. ಅದನ್ನು ಓದಬಲ್ಲವರು ಅವನ ಸುತ್ತ ಇದ್ದರು, ಓದಿದರು. ನನಗೆ ಈ ಎರಡು ಕಥೆಗಳಿಂದ ಸಿಗುವ ಬುದ್ಧಿವಾದ ಇದೇ: ಮೌನಿಯ ಪಾಲಿನ ಕರ್ತವ್ಯ ಬರೆದಿಡುವುದು, ಮೇಲಿನವರ ಪಾಲಿನದು ಓದುವುದು. ಎರಡರಲ್ಲಿ ಒಂದು ತಪ್ಪಿದರೂ ಕೆಲಸ ಕೆಡುತ್ತದೆ.

ಮೌನಿಗಳ ಪರ ಮಾತನಾಡುತ್ತ ನಾನು ಮೌನವನ್ನು ಪೂಜೆಗಿಡಲಾರೆ. ತುಂಬಿದ ಕೊಡ ತುಳುಕುವುದಿಲ್ಲ, ನಿಜ. ಬರಿಯ ಕೊಡವೂ ತುಳುಕುವುದಿಲ್ಲ. ಸುಮ್ಮನಿರುವವರೆಲ್ಲ ಒಳಗೆ ರತ್ನವನ್ನಿಟ್ಟುಕೊಂಡಿರುತ್ತಾರೆಂದು ನಂಬುವುದು, ಮಾತನಾಡುವವರೆಲ್ಲ ಸಮರ್ಥರೆಂದು ನಂಬಿದಷ್ಟೇ ಅವಿವೇಕ. ಕೊಡವನ್ನು ಕೈಯಲ್ಲಿ ಎತ್ತಿ ನೋಡಿದರೆ ಮಾತ್ರ ಭಾರ ತಿಳಿಯುತ್ತದೆ. ಕೆಲವು ಮೌನದಲ್ಲಿ ಒಂದು ಬಗೆಯ ಅಹಂಕಾರವೂ ಉಂಟು: ನನ್ನ ಯೋಗ್ಯತೆಯನ್ನು ನಾನೇಕೆ ಹೇಳಲಿ, ಬೇಕಾದವರು ಬಂದು ಕಂಡುಕೊಳ್ಳಲಿ ಎಂಬ ಬಿಗುಮಾನ. ಅಂಥವರಿಗೆ ನನ್ನದೊಂದು ಮಾತು. ಜಂಬ ಬೇರೆ, ಲೆಕ್ಕ ಒಪ್ಪಿಸುವುದು ಬೇರೆ. ಹಿಂದೆ ನಮ್ಮೂರಿನ ಶಾನುಭೋಗರು ವರ್ಷದ ಕೊನೆಯಲ್ಲಿ ಕಡತ ಬಿಚ್ಚಿ ಲೆಕ್ಕ ತೋರಿಸಿದರೆ ಅವರನ್ನು ಯಾರೂ ಆತ್ಮಪ್ರಶಂಸೆ ಮಾಡಿಕೊಂಡರೆನ್ನುತ್ತಿರಲಿಲ್ಲ. ಇಂಥ ದಿನ ಇಂಥ ಕೆಲಸ ಮಾಡಿದೆ, ಇಷ್ಟು ಉಳಿದಿದೆ ಎಂದು ತಿಂಗಳಿಗೊಂದು ಪುಟ ಬರೆದುಕೊಟ್ಟರೆ ಯಾವ ವಚನದ ಬೋಧೆಗೂ ಭಂಗವಿಲ್ಲ. ನನ್ನ ಸ್ನೇಹಿತರು ತಮ್ಮದೆಂದ ಅರ್ಧ ತಪ್ಪು ಇದ್ದರೆ, ಅದು ಈ ಒಂದು ಪುಟದಷ್ಟು.

ಉಳಿದುದೆಲ್ಲ ನನ್ನಂಥವರದು. ಅಧಿಕಾರದಲ್ಲಿರುವವನು ಮಾಡಬಹುದಾದ ಕೆಲಸಗಳು ದೊಡ್ಡವೇನಲ್ಲ. ಸಭೆಯ ಪ್ರಶ್ನೆಗಳನ್ನು ಎರಡು ದಿನ ಮೊದಲೇ ಬರೆದು ಹಂಚಬಹುದು. ನಿಧಾನವಾಗಿ ಯೋಚಿಸುವವನಿಗೂ ಆಗ ಉತ್ತರ ಸಿದ್ಧವಾಗಿರುತ್ತದೆ. ಲಿಖಿತ ಅಭಿಪ್ರಾಯಕ್ಕೆ ಆಡಿದ ಮಾತಿನಷ್ಟೇ ಬೆಲೆ ಕೊಡಬಹುದು. ಒಂದು ಯೋಜನೆ ಹೊಳೆದವರ ಹೆಸರಿನ ಜತೆಗೆ ಅದನ್ನು ನಡೆಸಿದವರ ಹೆಸರನ್ನೂ ನಡವಳಿಯಲ್ಲಿ ಬರೆಯಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಕುರ್ಚಿಯಿಂದೆದ್ದು ಮೂವತ್ತು ಹೆಜ್ಜೆ ನಡೆದು ಕೆಲಸ ನಡೆಯುವ ಜಾಗವನ್ನು ನೋಡಬಹುದು. ಅಧ್ಯಾಪಕನ ಯೋಗ್ಯತೆ ತಿಳಿಯಬೇಕಾದರೆ ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತುಕೊಳ್ಳಬೇಕು, ಅಧ್ಯಾಪಕರ ಕೊಠಡಿಯ ಹರಟೆಯಲ್ಲಲ್ಲ. ನನ್ನ ಸ್ನೇಹಿತರು ಪಾಠ ಹೇಳುವಾಗ ಮಿತಭಾಷಿಯೇ ಆಗಿರಲಿಲ್ಲವೆಂದು ಆ ಹುಡುಗರು ಮುಂದೆ ನನಗೆ ಹೇಳಿದರು.

ನನ್ನ ಬಾಲ್ಯದಲ್ಲಿ ನಮ್ಮ ಹಿತ್ತಲಲ್ಲಿ ಸೌತೆಯ ಬಳ್ಳಿ ಹಬ್ಬುತ್ತಿತ್ತು. ಬೆಳಗ್ಗೆ ಎದ್ದು ನಮ್ಮ ತಾಯಿ ಒಂದು ಕಡ್ಡಿ ಹಿಡಿದು ಒಂದೊಂದೇ ಎಲೆಯನ್ನು ಸರಿಸಿ ನೋಡುತ್ತಿದ್ದಳು. ಒಂದು ವಾರ ಕಣ್ಣು ತಪ್ಪಿದರೆ ಎಲೆಯ ಮರೆಯ ಕಾಯಿ ಹಳದಿ ತಿರುಗಿ, ಬೀಜ ಬಲಿತು, ಬಾಯಿಗೆ ಬಾರದಂತಾಗುತ್ತಿತ್ತು. ಆಗ ಆಕೆ ‘ಅಯ್ಯೋ, ನೋಡಲಿಲ್ಲವಲ್ಲ’ ಎಂದು ತನ್ನನ್ನೇ ಬೈದುಕೊಳ್ಳುತ್ತಿದ್ದಳು. ನೀನೇಕೆ ಎಲೆಯ ಮೇಲೆ ಬಂದು ಕುಳಿತುಕೊಳ್ಳಲಿಲ್ಲವೆಂದು ಕಾಯನ್ನು ಬೈದದ್ದು ನನಗೆ ನೆನಪಿಲ್ಲ.

ಇದನ್ನು ನನ್ನ ತಮ್ಮನ ಮಗಳಿಗೆ ಹೇಳಿದೆ. ತಿಂಗಳಿಗೊಂದು ಪುಟ ಬರೆದುಕೊಡುವಂತೆಯೂ ಹೇಳಿದೆ. ಮೊನ್ನೆ ಫೋನಿನಲ್ಲಿ, ‘ಎರಡು ತಿಂಗಳಿಂದ ಬರೆದು ಕಳಿಸ್ತಾ ಇದ್ದೀನಿ, ದೊಡ್ಡಪ್ಪ’ ಎಂದಳು.

‘ಅವರು ಏನೆಂದರು?’

‘ಇನ್ನೂ ಓದಿಲ್ಲ ಅಂತ ಕಾಣುತ್ತೆ.’